ಹಳೆಯ ಡ್ಯುಯಲ್‌ಶಾಕ್ ಹಿಡಿದು ಪ್ಲೇಸ್ಟೇಷನ್ 5ರಲ್ಲಿ ಆಡಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ಲೇಸ್ಟೇಷನ್ 4 ಇತ್ತು. ಈಗ ತೆಳು ಮಾದರಿಯ ಪ್ಲೇಸ್ಟೇಷನ್ 5 ಕೊಂಡಿದ್ದೇವೆ. ಅದರೊಂದಿಗೆ ಒಂದೇ ಕಂಟ್ರೋಲರ್ ಬಂದಿದೆ, ಆಡುವ ಮಕ್ಕಳು ಮೂವರು. ಹಳೆಯ ಎರಡು ಡ್ಯುಯಲ್‌ಶಾಕ್ 4 ಕಂಟ್ರೋಲರ್‌ಗಳು, ಪ್ಲೇಸ್ಟೇಷನ್ 2ರ ಕಾಲದ ಒಂದು ವೈರ್ ಕಂಟ್ರೋಲರ್ ಮತ್ತು ಲಾಜಿಟೆಕ್ ಜಿ29 ಸ್ಟೀರಿಂಗ್ ನಮ್ಮಲ್ಲಿವೆ. ಡ್ಯುಯಲ್‌ಶಾಕ್ 4 ಸೇರಿಸಿದರೆ ಮುಖ್ಯ ಪರದೆಯಲ್ಲಿ ಓಡಾಡಲು ಬರುತ್ತದೆ, ಆದರೆ ಕ್ರಿಕೆಟ್ ಆಟ ತೆರೆದ ಕೂಡಲೇ ಈ ಕಂಟ್ರೋಲರ್ ಬಳಸಲಾಗದು ಎಂಬ ಸೂಚನೆ ಬರುತ್ತದೆ. ಒಂದು ಅಡಾಪ್ಟರ್ ಹಾಕಿದರೆ ಎಲ್ಲವೂ ನಡೆಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಕೊಳ್ಳಬಹುದೇ?

ಉತ್ತರ: ಅಡಾಪ್ಟರನ್ನು ಸದ್ಯಕ್ಕೆ ಕೊಳ್ಳಬೇಡಿ. ನಿಮ್ಮ ಡ್ಯುಯಲ್‌ಶಾಕ್ 4 ಕೆಟ್ಟಿಲ್ಲ, ನೀವು ಜೋಡಿಸಿದ ಕ್ರಮದಲ್ಲೂ ದೋಷವಿಲ್ಲ. ನೀವು ತೆರೆದದ್ದು ಆ ಕ್ರಿಕೆಟ್ ಆಟದ ಪಿಎಸ್ 5 ಆವೃತ್ತಿ. ಅಡಚಣೆ ಇರುವುದು ಅಲ್ಲಿ ಮಾತ್ರ. ಪ್ಲೇಸ್ಟೇಷನ್ 5 ಕನ್ಸೋಲ್ ಡ್ಯುಯಲ್‌ಶಾಕ್ 4 ಕಂಟ್ರೋಲರನ್ನು ಗುರುತಿಸುತ್ತದೆ, ಪಿಎಸ್ 4 ಆಟಗಳಲ್ಲಿ ಅದನ್ನು ಪೂರ್ಣವಾಗಿ ಬಳಸಲು ಬಿಡುತ್ತದೆ, ಆದರೆ ಪಿಎಸ್ 5ಕ್ಕೆಂದೇ ತಯಾರಾದ ಆಟಗಳಲ್ಲಿ ಬಿಡುವುದಿಲ್ಲ. ಆದ್ದರಿಂದ ಕಂಟ್ರೋಲರ್ ಸೇರುತ್ತದೆಯೇ ಎಂದು ಕೇಳುವ ಮೊದಲು, ಆಡಲಿರುವ ಆಟದ ಆವೃತ್ತಿ ಯಾವುದು ಎಂದು ನೋಡಬೇಕು. ನಿಮ್ಮ ಪ್ರಶ್ನೆಯ ಹೆಚ್ಚಿನ ಭಾಗಕ್ಕೆ ಉತ್ತರ ಇದರಲ್ಲೇ ಇದೆ.

ಈ ನಿಯಮವನ್ನು ಸೋನಿ ಸಂಸ್ಥೆ 2020ರ ಆಗಸ್ಟ್‌ನಲ್ಲಿ, ಅಂದರೆ ಕನ್ಸೋಲ್ ಮಾರುಕಟ್ಟೆಗೆ ಬರುವುದಕ್ಕೆ ಮೂರು ತಿಂಗಳು ಮೊದಲೇ ಪ್ರಕಟಿಸಿತ್ತು. ಹೊಸ ಆಟಗಳು ಹೊಸ ಕಂಟ್ರೋಲರ್‌ನ ಸಾಮರ್ಥ್ಯಗಳನ್ನು ಬಳಸಿಕೊಳ್ಳಬೇಕು ಎಂಬುದು ಆಗ ಕೊಟ್ಟ ಕಾರಣ. ಡ್ಯುಯಲ್‌ಸೆನ್ಸ್ ಎಂಬ ಹೊಸ ಕಂಟ್ರೋಲರ್‌ನಲ್ಲಿ ಸಂದರ್ಭಕ್ಕೆ ತಕ್ಕಂತೆ ಬಿಗಿಯಾಗುವ ಟ್ರಿಗರ್‌ಗಳಿವೆ, ಹಳೆಯ ಮೋಟರ್‌ಗಳ ಒರಟು ನಡುಕಕ್ಕೆ ಬದಲಾಗಿ ಸೂಕ್ಷ್ಮವಾದ ಕಂಪನವಿದೆ, ಒಳಗೇ ಮೈಕ್ರೊಫೋನ್ ಇದೆ. ಕನ್ಸೋಲಿನೊಂದಿಗೆ ಉಚಿತವಾಗಿ ಬರುವ ಆಸ್ಟ್ರೋನ ಆಟವನ್ನು ಆಡಿದವರಿಗೆ ಈ ಕಾರಣ ಒಪ್ಪಿಗೆಯಾಗಬಹುದು, ಏಕೆಂದರೆ ಆ ಆಟವನ್ನು ಕಟ್ಟಿರುವುದೇ ಈ ಗುಣಗಳ ಮೇಲೆ. ಆದರೆ ಬ್ಯಾಟ್ ಬೀಸಲು ಒಂದು ಸ್ಟಿಕ್ ಮತ್ತು ಎರಡು ಬಟನ್ ಸಾಕಾಗುವ ಕ್ರಿಕೆಟ್ ಆಟಕ್ಕೆ ಅದೇ ನಿಯಮವನ್ನು ಅನ್ವಯಿಸುವುದಕ್ಕೆ ತಾಂತ್ರಿಕ ಅಗತ್ಯವೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಅದು ವ್ಯಾಪಾರದ ತೀರ್ಮಾನ. ಹೀಗೆ ಹೇಳಲು ಒಂದು ಆಧಾರವೂ ಇದೆ. ಕನ್ಸೋಲಿನ ಆಟವನ್ನು ಫೋನ್ ಅಥವಾ ಕಂಪ್ಯೂಟರ್ ಮೂಲಕ ಆಡಲು ಬಿಡುವ ರಿಮೋಟ್ ಪ್ಲೇ ಎಂಬ ಸೌಲಭ್ಯದ ವಿಷಯಕ್ಕೆ ಬಂದಾಗ ಅದನ್ನು ವಿವರಿಸುತ್ತೇನೆ.

ಮೊದಲು ಖರ್ಚಿಲ್ಲದ ದಾರಿಯನ್ನು ನೋಡೋಣ. ಕಳೆದ ಕೆಲವು ವರ್ಷಗಳಲ್ಲಿ ಬಂದ ಅನೇಕ ಆಟಗಳು ಎರಡೂ ಕನ್ಸೋಲ್‌ಗಳಿಗೆ ಬೇರೆ ಬೇರೆ ಆವೃತ್ತಿಗಳಾಗಿ ಬಂದಿವೆ. 2023ರಲ್ಲಿ ಬಂದ ಕ್ರಿಕೆಟ್ 24 ಆಗಲಿ, 2022ರ ಗ್ರಾನ್ ಟುರಿಸ್ಮೊ 7 ಆಗಲಿ, ವರ್ಷಕ್ಕೊಂದರಂತೆ ಬರುವ ಇಎ ಸಂಸ್ಥೆಯ ಫುಟ್‌ಬಾಲ್ ಆಟಗಳಾಗಲಿ ಈ ಗುಂಪಿಗೆ ಸೇರಿದವು. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಕೊಂಡ ಆಟದ ಪುಟದಲ್ಲಿ ಪಿಎಸ್ 4 ಮತ್ತು ಪಿಎಸ್ 5 ಎಂಬ ಎರಡೂ ಗುರುತುಗಳಿದ್ದರೆ ಎರಡೂ ಆವೃತ್ತಿಗಳ ಹಕ್ಕು ನಿಮಗಿದೆ ಎಂದರ್ಥ. ಆದರೆ ಕನ್ಸೋಲ್ ತಾನಾಗಿಯೇ ಪಿಎಸ್ 5 ಆವೃತ್ತಿಯನ್ನು ಇಳಿಸಿಕೊಳ್ಳುವುದರಿಂದ, ಇನ್ನೊಂದು ಆವೃತ್ತಿ ಇದೆ ಎಂಬುದೇ ಹಲವರ ಗಮನಕ್ಕೆ ಬರುವುದಿಲ್ಲ. ಮುಖ್ಯ ಪರದೆಯಲ್ಲಿ ಆಟದ ಮೇಲೆ ನಿಂತು, ಆಡುವ ಬಟನ್‌ನ ಪಕ್ಕದಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ, ಗೇಮ್ ವರ್ಷನ್ ಎಂಬಲ್ಲಿ ಪಿಎಸ್ 4 ಆವೃತ್ತಿಯನ್ನು ಆರಿಸಿ ಇಳಿಸಿಕೊಳ್ಳಿ. ಅದು ತೆರೆದ ಮೇಲೆ ನಿಮ್ಮ ಎರಡು ಡ್ಯುಯಲ್‌ಶಾಕ್ 4 ಮತ್ತು ಹೊಸ ಡ್ಯುಯಲ್‌ಸೆನ್ಸ್ ಮೂರೂ ಒಂದೇ ಪಂದ್ಯದಲ್ಲಿ ಕೆಲಸ ಮಾಡುತ್ತವೆ. ಪಿಎಸ್ 4 ಆಟದಲ್ಲಿ ಹಳೆಯದನ್ನೂ ಹೊಸದನ್ನೂ ಬೆರೆಸಿ ಬಳಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಡಿಸ್ಕ್ ಕೊಂಡವರಿಗೆ ಲೆಕ್ಕ ಸ್ವಲ್ಪ ಬೇರೆ. ಪಿಎಸ್ 4 ಡಿಸ್ಕ್‌ನಲ್ಲಿ ಪಿಎಸ್ 4 ಆವೃತ್ತಿಯೇ ಇರುತ್ತದೆ, ಡಿಸ್ಕ್ ಡ್ರೈವ್ ಇರುವ ಪಿಎಸ್ 5ರಲ್ಲಿ ಅದು ನೇರವಾಗಿ ನಡೆಯುತ್ತದೆ. ಪಿಎಸ್ 5 ಡಿಸ್ಕ್ ಕೊಂಡಿದ್ದರೆ ಅದರೊಳಗೆ ಹಳೆಯ ಆವೃತ್ತಿ ಇರುವುದಿಲ್ಲ. ಹಾಗಾಗಿ ಮಕ್ಕಳು ಒಟ್ಟಿಗೆ ಕುಳಿತು ಆಡುವ ಆಟಗಳನ್ನು ಮುಂದೆ ಕೊಳ್ಳುವಾಗ, ಚಿತ್ರದ ನಯಕ್ಕಿಂತ ಕಂಟ್ರೋಲರ್‌ಗಳ ಸಂಖ್ಯೆಯೇ ಮುಖ್ಯವೆನಿಸಿದರೆ, ಪಿಎಸ್ 4 ಡಿಸ್ಕನ್ನೇ ಕೇಳಿ ತೆಗೆದುಕೊಳ್ಳುವುದು ಜಾಣತನ. ಬಳಸಿದ ಡಿಸ್ಕ್‌ಗಳ ಅಂಗಡಿಗಳಲ್ಲಿ ಅವುಗಳ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಇಷ್ಟರ ಜೊತೆ ಎರಡು ತೊಡಕುಗಳನ್ನು ತಿಳಿದಿರಬೇಕು. ಒಂದು, ಎರಡು ಆವೃತ್ತಿಗಳು ಆಟದ ಪ್ರಗತಿಯನ್ನು ಬೇರೆ ಬೇರೆಯಾಗಿ ಉಳಿಸುತ್ತವೆ. ಒಂದರಲ್ಲಿ ಕಟ್ಟಿದ ತಂಡ ಇನ್ನೊಂದರಲ್ಲಿ ಕಾಣದಿರಬಹುದು. ಇನ್ನೊಂದು, ಆನ್‌ಲೈನ್‌ನಲ್ಲಿ ಎದುರಾಳಿಗಳ ಗುಂಪೂ ಬೇರೆಯಾಗಬಹುದು. ಇಎ ಫುಟ್‌ಬಾಲ್ ಆಟಗಳಲ್ಲಿ ಪಿಎಸ್ 4ರವರು ಎಕ್ಸ್‌ಬಾಕ್ಸ್ ಒನ್‌ನವರ ಜೊತೆಗೂ, ಪಿಎಸ್ 5ರವರು ಎಕ್ಸ್‌ಬಾಕ್ಸ್ ಸೀರೀಸ್ ಮತ್ತು ಕಂಪ್ಯೂಟರ್‌ನವರ ಜೊತೆಗೂ ಆಡುವ ವ್ಯವಸ್ಥೆ ಇದೆ. ಈ ಎರಡು ಗುಂಪುಗಳು ಒಂದನ್ನೊಂದು ಸೇರುವುದಿಲ್ಲ. ಒಂದೇ ಸೋಫಾದಲ್ಲಿ ಕುಳಿತು ಆಡುವ ಮೂವರು ಮಕ್ಕಳಿಗೆ ಇದು ದೊಡ್ಡ ವಿಷಯವಲ್ಲ.

ಜೋಡಣೆಯ ಕ್ರಮ ಸುಲಭವಾದರೂ ಜನರು ಹೆಚ್ಚಾಗಿ ಎಡವುವುದು ಕೇಬಲ್‌ನಲ್ಲಿ. ಡ್ಯುಯಲ್‌ಶಾಕ್ 4ಕ್ಕೆ ಬೇಕಾದದ್ದು ಹಳೆಯ ಆಂಡ್ರಾಯ್ಡ್ ಫೋನ್‌ಗಳಿಗಿದ್ದ ಮೈಕ್ರೊ ಯುಎಸ್‌ಬಿ ಕೇಬಲ್. ಆದರೆ ಪವರ್ ಬ್ಯಾಂಕ್ ಮತ್ತು ಅಗ್ಗದ ಇಯರ್‌ಫೋನ್‌ಗಳ ಜೊತೆ ಬರುವ ಅನೇಕ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿಗಳು ಮಾತ್ರ ಇದ್ದು, ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಅಂಥ ಕೇಬಲ್ ಹಾಕಿದರೆ ಕಂಟ್ರೋಲರ್ ಚಾರ್ಜ್ ಆಗುತ್ತದೆ, ಕಿತ್ತಳೆ ಬಣ್ಣದ ದೀಪ ಮಿನುಗುತ್ತದೆ, ಆದರೆ ಕನ್ಸೋಲ್‌ಗೆ ಅದು ಬಂದು ಸೇರಿದ ಸುಳಿವೇ ಸಿಗುವುದಿಲ್ಲ. ಫೋನ್‌ನಿಂದ ಕಂಪ್ಯೂಟರ್‌ಗೆ ಫೋಟೊ ಸಾಗಿಸಲು ಬರುವ ಕೇಬಲನ್ನೇ ಬಳಸಿ. ನಿಮ್ಮದು ತೆಳು ಮಾದರಿಯಾದ್ದರಿಂದ ಇನ್ನೊಂದು ಮಾತು: ಅದರ ಮುಂಭಾಗದಲ್ಲಿರುವ ಎರಡೂ ಕಿಂಡಿಗಳು ಟೈಪ್ ಸಿ ಮಾದರಿಯವು, ಹಳೆಯ ಅಗಲ ತುದಿಯ ಕೇಬಲನ್ನು ಹಿಂಭಾಗದ ಕಿಂಡಿಗೆ ಹಾಕಬೇಕು. 2020ರ ಮೂಲ ಮಾದರಿಯಲ್ಲಿ ಮುಂದೆಯೇ ಒಂದು ಅಗಲ ಕಿಂಡಿ ಇತ್ತು. ಕೇಬಲ್ ಹಾಕಿ ನಡುವಿನ ಪಿಎಸ್ ಬಟನ್ ಒತ್ತಿ, ಬಳಕೆದಾರರ ಖಾತೆ ಆರಿಸಿದ ಬಳಿಕ ಕೇಬಲ್ ತೆಗೆದರೂ ಬ್ಲೂಟೂತ್ ಮೂಲಕ ಸಂಪರ್ಕ ಉಳಿಯುತ್ತದೆ. ದೀಪದ ಬಣ್ಣ ಮೊದಲ ಆಟಗಾರನಿಗೆ ನೀಲಿ, ಎರಡನೆಯವನಿಗೆ ಕೆಂಪು, ಮೂರನೆಯವನಿಗೆ ಹಸಿರು.

ಕೇಬಲ್ ಸರಿಯಿದ್ದೂ ಸೇರದಿದ್ದರೆ, ಕಂಟ್ರೋಲರ್‌ನ ಹಿಂಬದಿಯಲ್ಲಿ ಎಲ್2 ಬಟನ್‌ನ ಹತ್ತಿರ ಒಂದು ಸಣ್ಣ ರಂಧ್ರ ಇದೆ. ಕನ್ಸೋಲನ್ನು ಪೂರ್ತಿ ಆರಿಸಿ, ಸಿಮ್ ಕಾರ್ಡ್ ತೆಗೆಯುವ ಪಿನ್ನಿನಿಂದ ಆ ರಂಧ್ರದೊಳಗಿನ ಬಟನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಮೊದಲಿನಿಂದ ಜೋಡಿಸಿ. ಡ್ಯುಯಲ್‌ಶಾಕ್ 4 ಒಂದು ಬಾರಿಗೆ ಒಂದೇ ಯಂತ್ರವನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನೂ ಮರೆಯಬೇಡಿ. ಹಳೆಯ ಪಿಎಸ್ 4 ಇನ್ನೂ ಬಳಕೆಯಲ್ಲಿದ್ದರೆ, ಹೊಸದಕ್ಕೆ ಜೋಡಿಸಿದ ಕಂಟ್ರೋಲರ್ ಹಳೆಯದನ್ನು ಮರೆತಿರುತ್ತದೆ. ಅತ್ತಿತ್ತ ಒಯ್ದಾಗಲೆಲ್ಲ ಕೇಬಲ್ ಹಾಕಿ ಮತ್ತೆ ಪರಿಚಯ ಮಾಡಿಸಬೇಕಾಗುತ್ತದೆ.

ಇನ್ನು ಅಂಗಡಿಯವರು ಹೇಳಿದ ಅಡಾಪ್ಟರ್. ಅದನ್ನು ಏಕೆ ಬೇಡವೆನ್ನುತ್ತೇನೆ ಎಂಬುದು ತಿಳಿಯಲು ಪ್ಲೇಸ್ಟೇಷನ್ 2ರ ನಿಮ್ಮ ವೈರ್ ಕಂಟ್ರೋಲರ್‌ನಿಂದಲೇ ಆರಂಭಿಸಬೇಕು. ಅದರ ತುದಿಯಲ್ಲಿ ಒಂಬತ್ತು ಪಿನ್‌ಗಳ ಪ್ಲಗ್ ಇದೆ. ಕನ್ಸೋಲ್ ಗಡಿಯಾರದ ಸಂಕೇತ ಕಳುಹಿಸುತ್ತದೆ, ಆ ತಾಳಕ್ಕೆ ಸರಿಯಾಗಿ ಕಂಟ್ರೋಲರ್ ತನ್ನ ಬಟನ್‌ಗಳ ಸ್ಥಿತಿಯನ್ನು ಒಂದೊಂದೇ ಬಿಟ್‌ನಂತೆ ಹಿಂತಿರುಗಿಸುತ್ತದೆ. ಅಲ್ಲಿ ಯಾರು ನೀನು ಎಂಬ ಪ್ರಶ್ನೆಯೇ ಇರಲಿಲ್ಲ. ಪ್ಲಗ್ ಹೊಂದಿದರೆ, ಭಾಷೆ ಗೊತ್ತಿದ್ದರೆ ಸಾಕಿತ್ತು. ಆ ಸಂಕೇತವನ್ನು ಯುಎಸ್‌ಬಿಗೆ ತಿರುಗಿಸುವ ಅಗ್ಗದ ಅಡಾಪ್ಟರ್‌ಗಳು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಹಳ ಹಿಂದಿನಿಂದಲೂ ಸಿಗುತ್ತಿವೆ, ಕಂಪ್ಯೂಟರ್‌ನಲ್ಲಿ ಅವು ಇಂದಿಗೂ ಚೆನ್ನಾಗಿಯೇ ನಡೆಯುತ್ತವೆ.

2013ರಲ್ಲಿ ಬಂದ ಪಿಎಸ್ 4 ಈ ಸಲಿಗೆಯನ್ನು ನಿಲ್ಲಿಸಿತು. ಯುಎಸ್‌ಬಿ ಮೂಲಕ ಸೇರುವ ಇತರರ ಕಂಟ್ರೋಲರ್‌ಗೆ ಕನ್ಸೋಲ್ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕಳುಹಿಸುತ್ತದೆ. ಕಂಟ್ರೋಲರ್ ತನ್ನೊಳಗಿನ ಗುಪ್ತ ಕೀಲಿಯಿಂದ ಅದಕ್ಕೆ ಡಿಜಿಟಲ್ ಸಹಿ ಹಾಕಿ ಹಿಂತಿರುಗಿಸಬೇಕು. ಸಹಿ ಸೋನಿಯ ಪರವಾನಗಿ ಪಡೆದ ಕೀಲಿಯದ್ದೇ ಎಂದು ಕನ್ಸೋಲ್ ಪರೀಕ್ಷಿಸುತ್ತದೆ. ಹೊಂದದಿದ್ದರೆ ಸುಮಾರು 8 ನಿಮಿಷಗಳಲ್ಲಿ ಸಂಪರ್ಕ ಕಡಿಯುತ್ತದೆ. ಬಸ್ಸು ಹತ್ತಲು ಬಿಟ್ಟು, ಮುಂದಿನ ನಿಲ್ದಾಣದಲ್ಲಿ ಟಿಕೆಟ್ ಇಲ್ಲವೆಂದು ಇಳಿಸಿದಂತೆ. ಅಂಗಡಿಯಲ್ಲಿ ಎರಡು ನಿಮಿಷ ಪರೀಕ್ಷಿಸಿ ತಂದ ವಸ್ತು ಮನೆಯಲ್ಲಿ ಮೊದಲ ಓವರ್‌ಗಳ ನಡುವೆಯೇ ಕೈಕೊಡುವುದಕ್ಕೆ ಎಷ್ಟೋ ಬಾರಿ ಇದೇ ಕಾರಣವಾಗಿತ್ತು. ಇದನ್ನು ದಾಟಲು ಕೆಲವು ತಯಾರಕರು ಅಡಾಪ್ಟರ್‌ಗೇ ಒಂದು ಅಸಲಿ ಕಂಟ್ರೋಲರನ್ನು ಜೋಡಿಸಿ, ಸಹಿ ಹಾಕುವ ಕೆಲಸವನ್ನು ಅದಕ್ಕೆ ವಹಿಸುವ ಉಪಾಯ ಮಾಡಿದರು.

ಪಿಎಸ್ 5ರಲ್ಲಿ ಪರೀಕ್ಷೆ ಇನ್ನೂ ಬಿಗಿಯಾಗಿದೆ. ಅದನ್ನು ದಾಟುವ ಅಡಾಪ್ಟರ್‌ಗಳು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆದರೆ ಅವು ಕನ್ಸೋಲ್ ತಂತ್ರಾಂಶದ ಒಂದು ನಿರ್ದಿಷ್ಟ ಸ್ಥಿತಿಯನ್ನು ನೆಚ್ಚಿಕೊಂಡಿರುತ್ತವೆ, ಆ ತಂತ್ರಾಂಶ ಅಂತರ್ಜಾಲದ ಮೂಲಕ ಆಗಾಗ ಬದಲಾಗುತ್ತಲೇ ಇರುತ್ತದೆ. 2024ರ ಆರಂಭದಲ್ಲಿ ಬಂದ ಒಂದು ಅಪ್‌ಡೇಟ್ ಕ್ರೋನಸ್ ಝೆನ್ ಎಂಬ ಪ್ರಸಿದ್ಧ ಸಾಧನವನ್ನು ಪಿಎಸ್ 5ರಲ್ಲಿ ನಿಲ್ಲಿಸಿಬಿಟ್ಟದ್ದು ಇದಕ್ಕೆ ಉದಾಹರಣೆ. ಆ ಸಾಧನದಲ್ಲಿ ಗುರಿ ಹಿಡಿಯಲು ನೆರವಾಗುವ ಮೋಸದ ಸೌಲಭ್ಯಗಳೂ ಇದ್ದುದರಿಂದ ಆನ್‌ಲೈನ್ ಶೂಟಿಂಗ್ ಆಟಗಳ ತಯಾರಕರು ಅದರ ಬಳಕೆದಾರರ ಖಾತೆಗಳನ್ನು ನಿರ್ಬಂಧಿಸುವುದಾಗಿ ಮೊದಲೇ ಎಚ್ಚರಿಸಿದ್ದರು. ನಿಮ್ಮ ಉದ್ದೇಶ ಮೋಸವಲ್ಲ, ನಿಜ. ಆದರೆ ಇಂದು ಹಣ ಕೊಟ್ಟು ತಂದದ್ದು ಮುಂದಿನ ಅಪ್‌ಡೇಟಿನ ಮರುದಿನ ಬರೀ ಪ್ಲಾಸ್ಟಿಕ್ ತುಂಡಾಗಬಹುದು. ಅದನ್ನು ಸರಿಪಡಿಸುವ ಹೊಣೆಯನ್ನು ಅಂಗಡಿಯವರು ಹೊರುವುದಿಲ್ಲ. ಪ್ಲೇಸ್ಟೇಷನ್ 2ರ ಆ ಕಂಟ್ರೋಲರನ್ನು ಅಗ್ಗದ ಯುಎಸ್‌ಬಿ ಅಡಾಪ್ಟರ್ ಹಾಕಿ ಕಂಪ್ಯೂಟರ್‌ಗೆ ಕೊಡಿ. ಪಿಎಸ್ 5ರ ಮಟ್ಟಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಿಎಸ್ 5 ಆವೃತ್ತಿ ಮಾತ್ರ ಇರುವ ಆಟವನ್ನು ಡ್ಯುಯಲ್‌ಶಾಕ್ 4ರಲ್ಲೇ ಆಡಬೇಕೆಂದರೆ, ಸೋನಿಯವರದೇ ಆದ ಒಂದು ದಾರಿ ಇದೆ. ಅದೇ ನಾನು ಮೊದಲು ಹೇಳಿದ ರಿಮೋಟ್ ಪ್ಲೇ. ಕನ್ಸೋಲ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಪ್ಲೇ ಎಂಬಲ್ಲಿಗೆ ಹೋಗಿ ಅದನ್ನು ಸಕ್ರಿಯಗೊಳಿಸಿ, ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಪಿಎಸ್ ರಿಮೋಟ್ ಪ್ಲೇ ಎಂಬ ಉಚಿತ ಆ್ಯಪ್ ಹಾಕಿ, ಡ್ಯುಯಲ್‌ಶಾಕ್ 4 ಕಂಟ್ರೋಲರನ್ನು ಕನ್ಸೋಲ್‌ಗಲ್ಲದೆ ಆ ಫೋನ್‌ಗೇ ಬ್ಲೂಟೂತ್ ಮೂಲಕ ಜೋಡಿಸಬೇಕು. ಶೇರ್ ಮತ್ತು ಪಿಎಸ್ ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ದೀಪ ವೇಗವಾಗಿ ಮಿನುಗುತ್ತದೆ, ಆಗ ಫೋನ್‌ನ ಬ್ಲೂಟೂತ್ ಪಟ್ಟಿಯಲ್ಲಿ ಅದು ಕಾಣುತ್ತದೆ. ಹೀಗೆ ಜೋಡಿಸಿದಾಗ ಪಿಎಸ್ 5 ಆಟಗಳೂ ಡ್ಯುಯಲ್‌ಶಾಕ್ 4ರ ಆಜ್ಞೆಯನ್ನು ಪಾಲಿಸುತ್ತವೆ. ಅದೇ ಕನ್ಸೋಲ್, ಅದೇ ಆಟ, ಅದೇ ಕಂಟ್ರೋಲರ್. ನೇರವಾಗಿ ಬಂದರೆ ಬಾಗಿಲು ಮುಚ್ಚಿದೆ, ಫೋನ್ ಮೂಲಕ ಬಂದರೆ ತೆರೆದಿದೆ. ನಿರ್ಬಂಧಕ್ಕೆ ತಾಂತ್ರಿಕ ಅಗತ್ಯವಿಲ್ಲ ಎಂದು ನಾನು ಹೇಳಿದ್ದು ಇದರ ಆಧಾರದ ಮೇಲೆ. ಕನ್ಸೋಲ್‌ನ ಚಿತ್ರ ಟಿವಿಯಲ್ಲೂ ಬರುತ್ತಲೇ ಇರುವುದರಿಂದ, ಫೋನನ್ನು ಪಕ್ಕಕ್ಕಿಟ್ಟು ಟಿವಿ ನೋಡಿಕೊಂಡೇ ಆಡುವವರಿದ್ದಾರೆ. ಆದರೂ ಬಟನ್ ಒತ್ತಿದ ಸಂಕೇತ ಫೋನ್, ವೈ-ಫೈ, ರೂಟರ್ ಎಲ್ಲವನ್ನೂ ಹಾದು ಹೋಗಬೇಕಾದ್ದರಿಂದ ಸ್ವಲ್ಪ ತಡವಾಗುತ್ತದೆ. ವೇಗದ ಬೌಲರ್‌ನ ಚೆಂಡಿಗೆ ಆ ತಡ ದುಬಾರಿ, ನಿಧಾನವಾಗಿ ಕಥೆ ಸಾಗುವ ಆಟಕ್ಕೆ ತೊಂದರೆಯಿಲ್ಲ. ಕನಿಷ್ಠ 5 ಎಂಬಿಪಿಎಸ್, ಉತ್ತಮ ಅನುಭವಕ್ಕೆ 15 ಎಂಬಿಪಿಎಸ್ ವೇಗ ಬೇಕೆಂದು ಸೋನಿ ಹೇಳುತ್ತದೆ. ಸಾಧ್ಯವಿದ್ದರೆ ಕನ್ಸೋಲನ್ನು ರೂಟರ್‌ಗೆ ಲ್ಯಾನ್ ಕೇಬಲ್‌ನಿಂದಲೇ ಜೋಡಿಸಿ. ಇದು ಒಬ್ಬರೇ ಆಡುವಾಗಿನ ಉಪಾಯ, ಮೂವರು ಮಕ್ಕಳ ಸಮಸ್ಯೆಗೆ ಪರಿಹಾರವಲ್ಲ.

ಸ್ಟೀರಿಂಗ್ ವಿಷಯದಲ್ಲಿ ಒಳ್ಳೆಯ ಸುದ್ದಿ ಇದೆ. ಪರವಾನಗಿ ಪಡೆದ ರೇಸಿಂಗ್ ಸ್ಟೀರಿಂಗ್‌ಗಳು, ಆರ್ಕೇಡ್ ಸ್ಟಿಕ್‌ಗಳು ಮತ್ತು ವಿಮಾನದ ಆಟಗಳ ಸ್ಟಿಕ್‌ಗಳಿಗೆ ಸೋನಿ ಆ ನಿಯಮದಿಂದ ವಿನಾಯಿತಿ ಕೊಟ್ಟಿದೆ. ಆಟವನ್ನು ತಯಾರಿಸಿದವರು ಬೆಂಬಲ ಅಳವಡಿಸಿದ್ದರೆ ಅವು ಪಿಎಸ್ 5 ಆಟಗಳಲ್ಲೂ ನಡೆಯುತ್ತವೆ. 2015ರ ಜಿ29 ಈ ಗುಂಪಿನದು. ಅದರ ಮೇಲಿರುವ ಪಿಎಸ್ 3 ಮತ್ತು ಪಿಎಸ್ 4 ಎಂಬ ಜಾರುವ ಸ್ವಿಚ್ ಪಿಎಸ್ 4 ಕಡೆಗಿರಲಿ, ಗ್ರಾನ್ ಟುರಿಸ್ಮೊ 7ರ ಪಿಎಸ್ 5 ಆವೃತ್ತಿಯನ್ನೇ ನೆಮ್ಮದಿಯಾಗಿ ಆಡಬಹುದು. ಅದಕ್ಕಿಂತ ಹಿಂದಿನ ಜಿ27 ನೋಡಲು ಅದರ ಅಣ್ಣನಂತಿದ್ದರೂ ಪಿಎಸ್ 4ರಲ್ಲೇ ನಡೆಯದು. ಬಳಸಿದ ಸ್ಟೀರಿಂಗ್ ಕೊಳ್ಳುವ ನಿಮ್ಮ ಸ್ನೇಹಿತರಿಗೆ ಇದನ್ನು ಹೇಳಿ.

ಬೇರೆ ಕನ್ಸೋಲ್‌ಗಳಲ್ಲಿ ಹೀಗಿಲ್ಲವೇ ಎಂದು ಕೇಳಬಹುದು. ಎಕ್ಸ್‌ಬಾಕ್ಸ್ ಈ ವಿಷಯದಲ್ಲಿ ಹೆಚ್ಚು ಉದಾರಿ: 2013ರ ಎಕ್ಸ್‌ಬಾಕ್ಸ್ ಒನ್‌ನ ಮೊದಲ ಕಂಟ್ರೋಲರ್ ಕೂಡ 2020ರ ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಲ್ಲಿ ಹೊಸ ಆಟಗಳಿಗೂ ಒದಗುತ್ತದೆ. ಎಕ್ಸ್‌ಬಾಕ್ಸ್ 360ರ ಕಂಟ್ರೋಲರ್ ಮಾತ್ರ ಒದಗುವುದಿಲ್ಲ. ಅಲ್ಲಿಯೂ 2023ರ ನವೆಂಬರ್‌ನಿಂದ ಅನುಮತಿಯಿಲ್ಲದ ಇತರರ ಸಾಧನಗಳನ್ನು ತಡೆಯಲಾಗುತ್ತಿದೆ. 2025ರ ನಿಂಟೆಂಡೊ ಸ್ವಿಚ್ 2ಕ್ಕೆ ಮೊದಲ ಸ್ವಿಚ್‌ನ ಜಾಯ್‌ಕಾನ್ ಮತ್ತು ಪ್ರೊ ಕಂಟ್ರೋಲರ್‌ಗಳು ನಿಸ್ತಂತುವಾಗಿ ಸೇರುತ್ತವೆ, ಆದರೆ ಹೊಸ ಯಂತ್ರದ ಕೊಂಡಿ ಅಯಸ್ಕಾಂತದ್ದಾದ್ದರಿಂದ ಹಳೆಯ ಜಾಯ್‌ಕಾನನ್ನು ಅದರ ಮೈಗೆ ಸಿಕ್ಕಿಸಿ ಚಾರ್ಜ್ ಮಾಡಲಾಗದು.

ಕೊನೆಗೆ ಕೊಳ್ಳುವ ಮಾತು. ಅಡಾಪ್ಟರ್‌ಗೆ ಇಡುವ ಹಣವನ್ನು ಇನ್ನೊಂದು ಡ್ಯುಯಲ್‌ಸೆನ್ಸ್‌ಗೆ ಸೇರಿಸಿಡಿ. ಪಿಎಸ್ 5 ಆಟಗಳಲ್ಲಿ ಇಬ್ಬರಿಗೆ ಅದು ಸಾಕು, ಮೂವರೂ ಕುಳಿತಾಗ ಪಿಎಸ್ 4 ಆವೃತ್ತಿ ತೆರೆಯಿರಿ. ಡ್ಯುಯಲ್‌ಶಾಕ್ 4 ಎಂದು ಮೂರನೇ ಒಂದು ಪಾಲು ಬೆಲೆಗೆ ಮಾರುವ ನಕಲಿಗಳನ್ನು ಮಾತ್ರ ತರಬೇಡಿ. ಅವುಗಳ ಒಳಗಿನ ಚಿಪ್ ಒಂದೊಂದರಲ್ಲಿ ಒಂದೊಂದು ಬಗೆಯದು, ಪಿಎಸ್ 4ಕ್ಕೆ ಸೇರಿದ್ದು ಪಿಎಸ್ 5ಕ್ಕೂ ಸೇರುತ್ತದೆ ಎಂಬ ಭರವಸೆಯಿಲ್ಲ. ನಿಮ್ಮಲ್ಲಿರುವ ಅಸಲಿ ಜೋಡಿಯ ಬ್ಯಾಟರಿ ಬೇಗ ಖಾಲಿಯಾಗುತ್ತಿದ್ದರೆ ಅದನ್ನು ಬದಲಿಸಬಹುದು. ಒಳಗಿರುವುದು 1000 ಎಂಎಎಚ್‌ನದು, ಹಿಂಬದಿಯ ನಾಲ್ಕು ತಿರುಪುಗಳನ್ನು ಬಿಚ್ಚಿದರೆ ಕೈಗೆ ಸಿಗುತ್ತದೆ. ಕೊಳ್ಳುವ ಮೊದಲು ಮಾದರಿಯನ್ನು ಗಮನಿಸಿ: ಟಚ್‌ಪ್ಯಾಡ್‌ನ ಮೇಲಂಚಿನಲ್ಲೂ ತೆಳುವಾಗಿ ದೀಪ ಕಾಣುವುದು 2016ರ ನಂತರದ ಎರಡನೇ ಮಾದರಿ, ಅಲ್ಲಿ ಕಾಣದಿದ್ದರೆ ಮೊದಲನೆಯದು. ಈ ಎರಡರ ಬ್ಯಾಟರಿಗಳ ಕನೆಕ್ಟರ್ ಗಾತ್ರ ಬೇರೆ ಬೇರೆಯಾದ್ದರಿಂದ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಗೆ ಹೋಗುವಾಗ ಹಳೆಯ ಬ್ಯಾಟರಿಯನ್ನೇ ಬಿಚ್ಚಿ ಕೊಂಡೊಯ್ಯಿರಿ.